ಗಿಡ ಕಿತ್ತ ಮೇಡಮ್ಮ

ಮೇಡಮ್ಮನ ಕತ್ತಿನ ಹಿಂಭಾಗದಲ್ಲಿ ಒಂದು ಗುರುತಿತ್ತು. ಎರಡು ಬೆರಳಗಲದ ಪಟ್ಟಿ, ಸುತ್ತಲ ಚರ್ಮಕ್ಕಿಂತ ಕಪ್ಪು, ಒರಟು. ದುರ್ಬೀನಿನ ಪಟ್ಟಿ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಮಾಡಿದ್ದು. ಎತ್ತು ಕೊಳ್ಳುವವನು ಹಲ್ಲು ನೋಡುವ ಮೊದಲು ಹೆಗಲು ನೋಡಬೇಕು. ನೊಗದ ಗುರುತಿದ್ದರೆ ದುಡಿದ ಎತ್ತು, ಇಲ್ಲದಿದ್ದರೆ ಮಾರುವುದಕ್ಕೆಂದೇ ಮೇಯಿಸಿದ ಎತ್ತು. ಆಮೇಲಿನ ವರ್ಷಗಳಲ್ಲಿ ನಮ್ಮ ಕೆರೆಗೆ ಕಾರಿನಲ್ಲಿ ಬಂದಿಳಿದ ಪರಿಸರಪ್ರೇಮಿಗಳನ್ನೆಲ್ಲ ನಾನು ಬೇಕೆಂದೇ ಹಿಂದಿನಿಂದ ನೋಡಿದ್ದೇನೆ. ಒಬ್ಬರ ಕತ್ತಿನಲ್ಲೂ ಅಂಥ ಗುರುತು ಕಾಣಲಿಲ್ಲ. ಟೋಪಿಗಳು ಮಾತ್ರ ಚೆನ್ನಾಗಿದ್ದವು.

ನಾನು ಹುಣಸೆ ವ್ಯಾಪಾರಿ. ಚಿಂತಾಮಣಿಯಲ್ಲಿ ನನ್ನದೊಂದು ಮಂಡಿ ಇದೆ. ಮೂಟೆ ಹೊತ್ತು ಶುರುಮಾಡಿದವನು, ಯಾರ ಕೈಯೂ ಹಿಡಿದು ಮೇಲೆ ಬಂದವನಲ್ಲ. ಮರದಲ್ಲಿ ಕಾಯಿ ಇರುವಾಗಲೇ ಕಣ್ಣಂದಾಜಿನಲ್ಲಿ ಬೆಲೆ ಕಟ್ಟಿ ಗುತ್ತಿಗೆ ಹಿಡಿಯುವುದು ನಮ್ಮ ಕಸುಬು. ಇದನ್ನು ಓದುವವರಲ್ಲಿ ಯಾರಾದರೂ ಈ ದಂಧೆಗೆ ಇಳಿಯುವವರಿದ್ದರೆ ಕೇಳಿಸಿಕೊಳ್ಳಿ: ಮರದ ಯಜಮಾನ ನಿಲ್ಲಿಸಿದ ಜಾಗದಲ್ಲಿ ನಿಂತು ಮರ ನೋಡಬೇಡಿ. ಅವನು ನಿಲ್ಲಿಸುವುದೇ ಕಾಯಿ ಜಗ್ಗಿರುವ ಕೊಂಬೆಯ ಕಡೆ. ಸುತ್ತ ಹೋಗಿ ಬೆನ್ನ ಕಡೆಯಿಂದ ನೋಡಿ. ಕಾಯಿ ಎಲ್ಲಿದೆ ಎಂದು ನೋಡುವವನು ಮುಳುಗುತ್ತಾನೆ, ಎಲ್ಲಿಲ್ಲ ಎಂದು ನೋಡುವವನು ಉಳಿಯುತ್ತಾನೆ.

ಮೇಡಮ್ಮ ನನಗೆ ಗಂಟುಬಿದ್ದದ್ದೂ ಇಂಥ ಮರಗಳ ಕೆಳಗೇ. ಕೈವಾರದ ಕಡೆ ಹೋಗುವ ದಾರಿಯಲ್ಲಿ ಒಂದು ಕೆರೆ. ಆಗ ಅದು ಒಣಗಿ ಬಿರಿದಿತ್ತು. ಕೆರೆಯಂಚಿಗೆ ಬೋಳು ಗರಸು ನೆಲ, ಅದರ ಬದುವಿನಲ್ಲಿ ಸಾಲು ಹುಣಸೆ. ಆಳುಗಳು ಗಳ ಹಿಡಿದು ಕಾಯಿ ಬಡಿಯುತ್ತಿದ್ದರು. ಹತ್ತಿ ಸೀರೆ, ಕ್ಯಾನ್ವಾಸ್ ಬೂಟು, ಕೊರಳಲ್ಲಿ ದುರ್ಬೀನು ಹಾಕಿಕೊಂಡ ಒಬ್ಬ ಹೆಂಗಸು ಸೀದಾ ನನ್ನ ಹತ್ತಿರ ಬಂದರು.

“ಇಲ್ಲಿ ಯಜಮಾನ್ರು ಯಾರು?”

“ನಾನೇ, ಹೇಳಮ್ಮ.”

“ಒಂದು ಗಂಟೆ ಬಡಿಯೋದು ನಿಲ್ಸಿ. ನಾನು ಹಕ್ಕಿ ಎಣಿಸ್ಬೇಕು.”

“ಎಣಿಸಿದ್ರೆ ಜಾಸ್ತಿ ಆಗ್ತವಾ?”

“ನೀನು ಮರ ನೋಡಿ ಬೆಲೆ ಕಟ್ತೀಯಲ್ಲ. ನೋಡಿದ್ರೆ ಕಾಯಿ ಜಾಸ್ತಿ ಆಗ್ತವಾ?”

ಬಹುವಚನ ಎಷ್ಟು ಬೇಗ ಏಕವಚನವಾಯಿತು ನೋಡಿ. ಆದರೆ ಮಾತಿಗೆ ಎದುರು ಮಾತು ಇಡಬಲ್ಲವರ ಹತ್ತಿರ ನನಗೆ ಕೋಪ ಬರುವುದಿಲ್ಲ, ವ್ಯಾಪಾರ ಮಾಡುವ ಆಸೆ ಬರುತ್ತದೆ.

“ಆಳುಗಳು ಸುಮ್ನೆ ಕೂತ್ಕೋಬೇಕು ಮೇಡಮ್ಮ. ನನಗೇನು ಸಿಗುತ್ತೆ?”

ಅವರು ಚೀಲದಿಂದ ಫ್ಲಾಸ್ಕ್ ತೆಗೆದರು. “ಕಾಫಿ. ಅವರು ಪಾಪ ಕೈಯಲ್ಲಿ ಕೆಲಸ ಮಾಡ್ತಾ ಇದ್ರು. ನೀನು ಬರೀ ಬಾಯಲ್ಲಿ. ಒಣಗಿರುತ್ತೆ, ಕುಡಿ.”

ನಾನು ಆಳುಗಳಿಗೂ ಏನಾದರೂ ಬೇಕೆಂದು ಎಳೆದಾಡಿದೆ. ಕೊನೆಗೆ ಎಲ್ಲರಿಗೂ ನಿಪ್ಪಟ್ಟು, ನನಗೆ ಕಾಫಿ ಎಂದು ತೀರ್ಮಾನವಾಯಿತು. ಕಾಫಿಗೆ ಸಕ್ಕರೆ ಇರಲಿಲ್ಲ. ಕೇಳಿದ್ದಕ್ಕೆ, “ಸಕ್ಕರೆ ಮಾತಾಡ್ಕೊಂಡಿರ್ಲಿಲ್ಲ” ಎಂದರು. ಕರಾರು ಮಾಡುವಾಗ ಸಕ್ಕರೆಯನ್ನೂ ಬಾಯಿ ಬಿಟ್ಟು ಹೇಳಿಕೊಳ್ಳಬೇಕು ಎನ್ನುವುದನ್ನು ನಾನು ಅಂದು ಕಲಿತೆ.

ಅವರು ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಮಾಡುತ್ತಿದ್ದರು. ಗೌರಿಬಿದನೂರಿನ ಕಡೆಯವರು, ತಂದೆ ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದರಂತೆ. ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಗೋಡೆಯ ಮೇಲೆ ಬುದ್ಧನ ಒಂದು ಪಟ, ಅದರ ಕೆಳಗೆ ಬೂಟಿನ ಜೋಡಿ. ಕಾಲೇಜಿನಲ್ಲಿ ಅವರನ್ನು ಕಂಡರೆ ಮಕ್ಕಳಿಗಿಂತ ಮೇಷ್ಟರುಗಳಿಗೆ ಹೆಚ್ಚು ಭಯ. ಸುತ್ತಾಡಿಕೊಂಡು ಬಂದ ಹುಡುಗರು “ನವಿಲು ನೋಡಿದ್ವಿ ಮೇಡಂ” ಎಂದರೆ, “ನವಿಲು ಕಾಣಕ್ಕೆ ಕಣ್ಣು ಬೇಕಾ? ಅದು ತಾನೇ ಬಂದು ತೋರಿಸ್ಕೊಳ್ಳುತ್ತೆ. ಹೋದ ವರ್ಷ ಕಂಡಿದ್ದು ಈ ವರ್ಷ ಏನು ಕಾಣಿಸ್ಲಿಲ್ಲ, ಅದು ಹೇಳಿ” ಎಂದು ವಾಪಸ್ ಕಳಿಸುತ್ತಿದ್ದರು.

ಅವರ ಎಣಿಕೆಗೂ ಒಂದು ಹಟವಿತ್ತು. ಅದೇ ದಾರಿ, ಅದೇ ಹೊತ್ತು, ಅದೇ ನಡಿಗೆ. ಬಸ್ಸು ತಡವಾಗಿ ಸಮಯ ಮೀರಿದರೆ ಅಲ್ಲಿಂದಲೇ ಹಿಂದಿರುಗಿ ಮರುದಿನ ಬರುತ್ತಿದ್ದರು. “ಬಂದಿದ್ದೀರಲ್ಲ, ನೋಡ್ಕೊಂಡೇ ಹೋಗಿ” ಎಂದು ನಾನೊಮ್ಮೆ ಅಂದೆ. “ನೀನು ಒಂದು ದಿನ ನಿನ್ನ ತಕ್ಕಡೀಲಿ ತೂಗಿ, ಇನ್ನೊಂದು ದಿನ ಪಕ್ಕದ ಮಂಡಿಯವನ ತಕ್ಕಡೀಲಿ ತೂಗಿ, ಎರಡನ್ನೂ ಹೋಲಿಸ್ತೀಯಾ?” ಎಂದರು. ಪಕ್ಕದ ಮಂಡಿಯವನ ತಕ್ಕಡಿ ಎಂಥದ್ದೆಂದು ಬಲ್ಲ ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಅವರ ಆಸಕ್ತಿಯೆಲ್ಲ ಆ ಬೋಳು ನೆಲದ ಮೇಲೆ ಎಂಬುದು ನನಗೆ ತಿಳಿದದ್ದು ಮುಂದಿನ ವರ್ಷದ ಸುಗ್ಗಿಯಲ್ಲಿ. ಜೊತೆಯಲ್ಲಿ ನಡೆಯುತ್ತಿದ್ದಾಗ ಥಟ್ಟನೆ, “ಕಾಲು ಊರಬೇಡ” ಎಂದರು. ಒಂಟಿ ಕಾಲಿನಲ್ಲಿ ನಿಂತೆ. ಊರಬೇಕಾಗಿದ್ದ ಜಾಗದಲ್ಲಿ ಗರಸುಕಲ್ಲುಗಳು ಕಂಡವು. ದಿಟ್ಟಿಸಿ ನೋಡಿದರೆ ಅವುಗಳಲ್ಲಿ ನಾಲ್ಕು ಕಲ್ಲಲ್ಲ. ಮೊಟ್ಟೆ. ಗೂಡಿಲ್ಲ, ಹುಲ್ಲಿಲ್ಲ, ಬರೀ ನೆಲ.

ಅದು ಹಳದಿ ಟಿಟ್ಟಿಭದ ಮೊಟ್ಟೆ ಎಂದು ಮೇಡಮ್ಮ ಹೇಳಿದರು. ನೀರಿನ ಬದಿಯಲ್ಲಿ ಊರಿಗೆಲ್ಲ ಕೇಳುವಂತೆ ಅರಚುವ ಕೆಂಪು ಟಿಟ್ಟಿಭ ಎಲ್ಲರಿಗೂ ಗೊತ್ತು. ಇದು ಬೇರೆ. ತಲೆಗೆ ಕಪ್ಪು ಟೋಪಿ, ಕಣ್ಣಿನ ಮುಂದೆ ಹಳದಿ ತೊಗಲು, ಹಳದಿ ಕಾಲು. ಇದಕ್ಕೆ ಬೇಕಾದದ್ದು ನೀರಲ್ಲ, ಮರವಲ್ಲ. ದೂರದವರೆಗೂ ಮರೆಯಿಲ್ಲದ ಒಣ ಬಯಲು. ನಾವು ಮರದ ನೆರಳಿಗೆ ಸರಿದು ಕಾದೆವು. ದನದ ತೊಟ್ಟಿಯ ಕಡೆಯಿಂದ ಹಕ್ಕಿ ಹಾರಿ ಬಂತು. ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು, ಕಾದ ಮೊಟ್ಟೆಗಳ ಮೇಲೆ ಕೂತು ತಣ್ಣಗೆ ಮಾಡಿತು. ನನ್ನ ತಾಯಿ ಬೇಸಿಗೆಯಲ್ಲಿ ಸೆರಗು ಒದ್ದೆ ಮಾಡಿ ನನ್ನ ತಲೆಗೆ ಹಾಕುತ್ತಿದ್ದಳು. ಅದನ್ನು ಮೇಡಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಹಕ್ಕಿಗೂ ನಿನ್ನ ತಾಯಿಗೂ ಏನು ಸಂಬಂಧ ಎಂದು ಬಯ್ಯುತ್ತಿದ್ದರು.

ಇನ್ನೊಂದು ವಿಷಯದಲ್ಲಿ ಅವರು ನನ್ನನ್ನು ಬಿಡದೆ ಕಾಡುತ್ತಿದ್ದರು. ನಮ್ಮಲ್ಲಿ ಇಲ್ಲ ಎಂಬ ಮಾತನ್ನು ಬಾಯಿಂದ ಆಡುವುದಿಲ್ಲ. ಅಕ್ಕಿ ಮುಗಿದರೆ ನಮ್ಮಮ್ಮ ತೆಲುಗಿನಲ್ಲಿ “ನಿಂಡುಕುಂದಿ” ಎನ್ನುತ್ತಿದ್ದಳು, ಕನ್ನಡದವರು “ಹೆಚ್ಚಿದೆ” ಎನ್ನುತ್ತಾರೆ. ಇಲ್ಲ ಎಂದರೆ ಲಕ್ಷ್ಮಿ ಹೊರಟುಹೋಗುತ್ತಾಳೆ. ಅಂಗಡಿಯಲ್ಲಂತೂ ಆ ಮಾತು ಪಾಪ. ಮೇಡಮ್ಮ ಒಮ್ಮೆ ಮಂಡಿಗೆ ಬಂದು ಹಳೆ ಹುಣಸೆ ಕೇಳಿದರು. “ಬರುತ್ತೆ ಮೇಡಮ್ಮ, ನಾಳೆ ಬನ್ನಿ” ಎಂದೆ. ಮರುದಿನ ಬಂದರು. “ಇನ್ನೇನು ಬಂದ್ಬಿಡ್ತು” ಎಂದೆ.

“ಇದ್ಯಾ, ಇಲ್ವಾ?”

“ಹಂಗೆ ಬಾಯಿಬಿಟ್ಟು ಅನ್ನಬಾರದು ಮೇಡಮ್ಮ.”

“ಅದಕ್ಕೇ ಕಣಯ್ಯ, ನಿಮ್ಮ ಸೀಮೇಲಿ ಏನೇನು ಹೋಗಿದೆ ಅಂತ ಯಾರಿಗೂ ಗೊತ್ತಿಲ್ಲ. ಗುಳ್ಳೆನರಿ ಇದ್ಯಾ ಅಂದ್ರೆ ಆ ಕಡೆ ಇರಬೇಕು ಅಂತಾರೆ. ಮೊಲ ಇದ್ಯಾ ಅಂದ್ರೆ ಇಲ್ದೆ ಏನು ಅಂತಾರೆ. ನೋಡಿ ಎಷ್ಟು ವರ್ಷ ಆಯ್ತೋ. ಎಲ್ಲರ ಬಾಯಲ್ಲೂ ಎಲ್ಲ ಇದೆ, ನೆಲದ ಮೇಲೆ ಇಲ್ಲ.”

ಆಮೇಲೆ ಕೆರೆಗೆ ನೀರು ಬಂತು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ನಮ್ಮ ಕಡೆಯ ಕೆರೆಗಳಿಗೆ ಹರಿಸತೊಡಗಿದ್ದರು. ನೀರನ್ನು ಬೈಯುವಷ್ಟು ಕೊಬ್ಬು ನನಗಿಲ್ಲ. ಸುತ್ತಲ ಬೋರ್‌ವೆಲ್‌ಗಳು ಉಸಿರಾಡಿದವು, ಜನ ಹೂವು ತರಕಾರಿ ಬೆಳೆದರು. ನಾನು ಬೈಯುವುದು ನೀರಿನ ಹಿಂದೆ ಬಂದವರನ್ನು. ಕೊಕ್ಕರೆ, ನೀರುಕಾಗೆ, ಹೆಜ್ಜಾರ್ಲೆ ಬಂದವು. ಅವುಗಳ ಹಿಂದೆ ಮೊಳದುದ್ದದ ಕ್ಯಾಮೆರಾದವರು ಬಂದರು. ಅವರ ಹಿಂದೆ ಚಿಪ್ಸ್ ಪ್ಯಾಕೆಟ್, ಚಿಪ್ಸ್ ತಿನ್ನಲು ನಾಯಿಗಳು. ಕೊನೆಗೆ ಒಂದು ಸಮಿತಿ. ಪಂಚಾಯ್ತಿಯ ಅಧ್ಯಕ್ಷರು ಅದರ ಮುಖ್ಯಸ್ಥರು. ಅದರ ಬುದ್ಧಿ ಮಾತ್ರ ಒಬ್ಬ ನಿವೃತ್ತ ಎಂಜಿನಿಯರರದು. ಬದುಕಿಡೀ ಸಿಮೆಂಟು ಸುರಿದು, ನಿವೃತ್ತಿಯ ಮಾರನೆಯ ದಿನ ಹಸಿರಿನ ಮೇಲೆ ಪ್ರೀತಿ ಹುಟ್ಟಿದವರು. ಈ ಜಾತಿಯ ಪ್ರೀತಿಗೆ ನಾನು ಬೆಲೆ ಕಟ್ಟುವುದಿಲ್ಲ. ಹೊಸದಾಗಿ ಭಕ್ತನಾದವನ ಗಂಟೆಯ ಸದ್ದು ದೇವರಿಗೂ ತಲೆನೋವು.

ಕೆರೆಯಲ್ಲಿ ಜೀವವೈವಿಧ್ಯ ಹೆಚ್ಚಿದೆ ಎಂದು ಕಾಲೇಜಿನಿಂದ ಒಂದು ಮಾತು ಬೇಕು ಎಂದು ಸಮಿತಿಯವರು ಮೇಡಮ್ಮನ ಹತ್ತಿರ ಹೋದರು. ಜೊತೆಗೆ ನನ್ನನ್ನೂ ಕರೆದೊಯ್ದರು. ಎಲ್ಲಿ ಮಾತು ಕುದುರಿಸಬೇಕೋ ಅಲ್ಲಿಗೆ ನನ್ನನ್ನು ಕರೆದೊಯ್ಯುವುದು ಊರಿನ ರೂಢಿ.

“ಎಷ್ಟು ಹೊಸ ಹಕ್ಕಿ ಬಂದಿದೆ ನೀವೇ ಹೇಳಿ ಮೇಡಂ” ಎಂದರು ಎಂಜಿನಿಯರು.

“ಎಲ್ಲ ಕೆರೇಲೂ ಇರೋ ಹಕ್ಕಿ ಹತ್ತು ಜಾತಿ ಬಂತು. ಇಲ್ಲಿ ಮಾತ್ರ ಇದ್ದಿದ್ದು ಒಂದು ಜಾತಿ ಹೋಗ್ತಾ ಇದೆ. ನಿಮ್ಮ ಲೆಕ್ಕದಲ್ಲಿ ಒಂಬತ್ತು ಲಾಭ.”

“ಲಾಭ ತಾನೇ?”

ಮೇಡಮ್ಮ ನನ್ನ ಕಡೆ ತಿರುಗಿದರು. “ನಿನ್ನ ಭಾಷೇಲಿ ಹೇಳಪ್ಪ. ನನ್ನ ಭಾಷೆ ಇವರಿಗೆ ಆಗಿಬರಲ್ಲ.”

ನಾನು ಹೇಳಿದೆ. ನಮ್ಮ ಮಂಡಿಗೆ ದೂರದಿಂದ ಕೊಳ್ಳುವವರು ಬರುವುದು ನಮ್ಮ ಮಣ್ಣಿನ ಹುಣಸೆಗೆ. ಊರೂರಿನ ಹಣ್ಣು ತಂದು ಬೆರೆಸಿ ರಾಶಿ ದೊಡ್ಡದು ಮಾಡಬಹುದು, ನೋಡಲು ಚೆನ್ನಾಗಿರುತ್ತದೆ. ಆದರೆ ಎಲ್ಲ ಮಂಡಿಯ ರಾಶಿಯೂ ಒಂದೇ ರುಚಿಯಾದ ಮೇಲೆ ಯಾವ ಸಾಹುಕಾರ ಇಲ್ಲಿಯತನಕ ಬರುತ್ತಾನೆ? ಅಧ್ಯಕ್ಷರು ತಲೆಯಾಡಿಸಿದರು. ಅವರಿಗೆ ಅರ್ಥವಾಗಿತ್ತು. ಎಂಜಿನಿಯರಿಗೂ ಅರ್ಥವಾಗಿತ್ತು. ಅವರಿಗೆ ಅದು ಬೇಕಿರಲಿಲ್ಲ ಅಷ್ಟೆ.

ಆ ಬೇಸಿಗೆಯ ಕೊನೆಯಲ್ಲಿ, ಪರಿಸರ ದಿನಕ್ಕೆ ಗಿಡ ನೆಡಲು ಸಮಿತಿ ಜಾಗ ಹುಡುಕಿತು. ಸುತ್ತ ಎಲ್ಲೆಲ್ಲೂ ಯಾರದೋ ಒಂದು ಪೈರು, ಯಾರದೋ ಒಂದು ಹಕ್ಕು. ಖಾಲಿ ಕಂಡದ್ದು ಕೆರೆಯಂಚಿನ ಬೋಳು ಗರಸು. ಅಲ್ಲಿ ಗುಂಡಿ ತೋಡಿದರು. ಕಲ್ಲಿನಂಥ ಮೊಟ್ಟೆಗಳು ಗುದ್ದಲಿಗೆ ಕಾಣುತ್ತವೆಯೇ? ಹೊಂಗೆ, ಬೇವು ಎಂದು ಸಾಲಾಗಿ ಸಸಿ ನೆಟ್ಟು, ಒಂದೊಂದು ಸಸಿಯ ಪಕ್ಕ ನಾಲ್ಕು ಜನ ನಿಂತು ಫೋಟೊ ತೆಗೆಸಿಕೊಂಡರು. ಒಂದು ಬಿಂದಿಗೆಯನ್ನು ಎಂಟು ಕೈ ಹಿಡಿದಿದ್ದವು. ನೀರು ಹಾಕುವ ಕೆಲಸ ಇಷ್ಟು ಭಾರವೆಂದು ನನಗೆ ಗೊತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ಮೇಡಮ್ಮ ಬಂದು ಸಸಿಗಳನ್ನು ಕಿತ್ತರು.

ಕದ್ದುಮುಚ್ಚಿ ಅಲ್ಲ, ಬಿಸಿಲು ಬಿದ್ದ ಮೇಲೆ, ದಾರಿಯವರೆಲ್ಲ ನೋಡುವಂತೆ. ಬೇರಿನ ಮಣ್ಣು ಉದುರದಂತೆ ಒಂದೊಂದಾಗಿ ಎಬ್ಬಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ನನ್ನ ಹುಣಸೆ ಮರದ ನೆರಳಿನಲ್ಲಿ ಸಾಲಾಗಿ ಇಟ್ಟರು. ನಾನು ಹೋಗುವಷ್ಟರಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿಯಾಗಿತ್ತು. ನೆರಳಿನಲ್ಲಿ ಬದುಕಿದ್ದ ಸಸಿಗಳು ಚಿತ್ರದಲ್ಲಿ ಬರಲಿಲ್ಲ. ಕೈಯಲ್ಲಿ ಸಸಿ ಹಿಡಿದ ಮೇಡಮ್ಮ ಮಾತ್ರ ಬಂದರು. ಅಂದಿನಿಂದ ಅವರ ಹೆಸರೇ ಗಿಡ ಕಿತ್ತ ಮೇಡಮ್ಮ ಎಂದಾಯಿತು. ಬದುಕಿನಲ್ಲಿ ಒಂದು ತುಳಸಿಗೂ ನೀರು ಹಾಕದವರೆಲ್ಲ ನಿಂತಲ್ಲಿ ಕೂತಲ್ಲಿ ಅವರ ಮೇಲೆ ಉಗಿದರು.

ಪಂಚಾಯ್ತಿ ಕಟ್ಟಡದಲ್ಲಿ ಸಭೆ ಸೇರಿತು. ಕ್ಷಮೆ ಕೇಳಬೇಕು, ಇಲ್ಲವಾದರೆ ಕಾಲೇಜಿಗೆ ದೂರು ಎಂದು ಎಂಜಿನಿಯರರ ಪಟ್ಟು. ಮೇಡಮ್ಮನಿಗೆ ನಿವೃತ್ತಿ ಹತ್ತಿರವಿತ್ತು. ಆ ಹೊತ್ತಿನಲ್ಲಿ ದೂರು ಎಂದರೆ ತಮಾಷೆಯಲ್ಲ.

“ಖಾಲಿ ಜಾಗ ಮೇಡಂ ಅದು” ಎಂದರು ಎಂಜಿನಿಯರು. “ಬೋಳು. ಅಲ್ಲಿ ಗಿಡ ನೆಟ್ರೆ ತಪ್ಪೇನು?”

“ನಿಮ್ಮ ತಲೆನೂ ಬೋಳು. ಗುಂಡಿ ತೋಡ್ಲಾ?”

ಸಭೆಗೆ ಸಭೆಯೇ ನಕ್ಕಿತು. ಎಂಜಿನಿಯರರ ಕೈ ತಾನಾಗಿ ಟೋಪಿಗೆ ಹೋಯಿತು. ಇಂಥ ಮಾತು ಗೆದ್ದಂತೆ ಕಾಣುತ್ತದೆ, ಆದರೆ ವ್ಯಾಪಾರ ಕೆಡಿಸುತ್ತದೆ. ನಾನು ಎದ್ದು ನಡುವೆ ಬಿದ್ದೆ. ಸಸಿಗಳು ಬದುಕಿವೆ, ಏರಿಯ ಮೇಲೆ ನೆಡೋಣ. ನೆಲದಲ್ಲಿ ಅರ್ಧ ಸಮಿತಿಗೆ, ಅರ್ಧ ಹಕ್ಕಿಗೆ ಬಿಡೋಣ. ಮೇಡಮ್ಮ ಬೇಜಾರಾಯ್ತು ಅಂತ ಒಂದು ಮಾತು ಹೇಳಲಿ ಎಂದೆ.

“ಅರ್ಧ ಬಯಲಲ್ಲಿ ಅದು ಕೂರಲ್ಲ ಕಣಪ್ಪ. ಗಿಡ ಬೆಳೆದ್ರೆ ಅದರ ಮೇಲೆ ಕಾಗೆ ಕೂರುತ್ತೆ, ಮೊಟ್ಟೆ ಕಾಣುತ್ತೆ. ಸೀರೆ ಅರ್ಧ ಹರಿದು ಇಬ್ಬರಿಗೆ ಹಂಚ್ತೀಯಾ?”

ಗುದ್ದಾಡಿ ಗುದ್ದಾಡಿ ಒಂದು ಕರಾರಿಗೆ ಬಂದರು. ಕ್ಷಮೆಯೂ ಬೇಡ, ದೂರೂ ಬೇಡ. ಸಸಿಗಳು ಏರಿಯ ಮೇಲೆ. ಗರಸು ನೆಲವನ್ನು ಮುಂದಿನ ಬೇಸಿಗೆಯ ತನಕ ಮುಟ್ಟುವಂತಿಲ್ಲ. ಆ ಬೇಸಿಗೆಯಲ್ಲಿ ಹಳದಿ ಟಿಟ್ಟಿಭ ಅಲ್ಲಿ ಮೊಟ್ಟೆ ಇಟ್ಟರೆ ನೆಲ ಎಂದೆಂದಿಗೂ ಬೋಳಾಗಿಯೇ ಇರುತ್ತದೆ, ಬೇಲಿ ಹಾಕಿ ಕಾಯುತ್ತಾರೆ. ಇಡದಿದ್ದರೆ ಪೂರ್ತಿ ಗಿಡ. ಮೇಡಮ್ಮ ತುಟಿ ಬಿಚ್ಚಬಾರದು. ನಾನು ಇನ್ನೊಂದು ವರ್ಷ ಎಳೆಯೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮೇಡಮ್ಮ “ಹೂಂ” ಎಂದುಬಿಟ್ಟರು. ಕರಾರಿಗೆ ಯಾರೂ ಅಷ್ಟು ಬೇಗ ಹೂಂ ಎನ್ನಬಾರದು. ಮೊದಲ ಮಾತಿಗೇ ಒಪ್ಪಿದವನನ್ನು ಎದುರಾಳಿ ಮರುಕದಿಂದ ನೋಡುತ್ತಾನೆ.

“ಇಟ್ಟಿದೆಯೋ ಇಲ್ವೋ ಅಂತ ನೋಡಿ ಹೇಳೋರು ಯಾರು?” ಎಂದು ಯಾರೋ ಕೇಳಿದರು.

“ಮೇಡಮ್ಮನೇ ಹೇಳ್ಲಿ” ಎಂದರು ಅಧ್ಯಕ್ಷರು. “ಬೈತಾರೆ, ಸುಳ್ಳು ಹೇಳಲ್ಲ. ನಮ್ಮಲ್ಲಿ ಯಾರಿಗೆ ಆ ಹಕ್ಕಿ ಗೊತ್ತು?”

ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಮಾಲೂ ನಮ್ಮದೇ, ತಕ್ಕಡಿಯೂ ನಮ್ಮದೇ. ಸೋಲುವುದು ಹೇಗೆ?

ಮುಂದಿನ ಬೇಸಿಗೆ ಬಂತು. ಮೇಡಮ್ಮ ಎಂದಿನ ಹೊತ್ತಿಗೆ ಎಂದಿನ ದಾರಿಯಲ್ಲಿ ನಡೆದರು. ನಾನು ಆಳುಗಳನ್ನು ಕೂರಿಸಿದೆ, ಕಾಫಿ ಕುಡಿದೆ. ಹಳದಿ ಟಿಟ್ಟಿಭ ಬರಲಿಲ್ಲ. ನೀರಿನ ಕಡೆಯಿಂದ ಕೆಂಪು ಟಿಟ್ಟಿಭಗಳು ಹಾರಿ ಬಂದು ನಮ್ಮ ನೆತ್ತಿಯ ಮೇಲೆ ಅರಚಿಕೊಂಡು ಹೋದವು. ಕೆರೆಯ ಜೌಗು ಒಸರಿ ಗರಸಿನ ಅರ್ಧಕ್ಕೆ ಹುಲ್ಲು ಬಂದಿತ್ತು. ನಾಯಿಗಳು ಅಲ್ಲೇ ಮಲಗುತ್ತಿದ್ದವು. “ನೀರಿನಿಂದ ಹಿಂಗಾಯ್ತಾ, ನಾಯಿಯಿಂದಲಾ, ಹೋದ ವರ್ಷದ ಗುಂಡಿಯಿಂದಲಾ?” ಎಂದು ಕೇಳಿದೆ. “ಗೊತ್ತಿಲ್ಲ” ಎಂದರು. ಅಷ್ಟು ಓದಿದವರು ಅಷ್ಟು ಸಲೀಸಾಗಿ ಗೊತ್ತಿಲ್ಲ ಎಂದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಉಳಿದವರಿಗೆ ಎಲ್ಲದರ ಕಾರಣವೂ ಗೊತ್ತು, ಇರುವುದೇನು ಹೋದದ್ದೇನು ಎಂಬುದೊಂದು ಬಿಟ್ಟು.

ಮರಗಳು ಬರಿದಾದವು. ಮೋಡ ಕಟ್ಟತೊಡಗಿತು. ಸಭೆಯ ಹಿಂದಿನ ದಿನ ನಾನು ಅವರ ಮನೆಗೆ ಹೋಗಿ ನೇರವಾಗಿ ಹೇಳಿದೆ. “ಮೇಡಮ್ಮ, ಒಂದು ಜೋಡಿ ಬಂದಿತ್ತು ಅಂತ ಹೇಳಿ. ಮೊಟ್ಟೆ ಇಟ್ಟು ಮರಿ ಮಾಡ್ಕೊಂಡು ಹೋಯ್ತು ಅನ್ನಿ. ನಾನೂ ನೋಡ್ದೆ ಅಂತೀನಿ. ನೆಲ ಉಳ್ಕೊಳುತ್ತೆ. ನೆಲ ಉಳಿದ್ರೆ ನಾಳೆ ಹಕ್ಕಿ ಬಂದ್ರೂ ಬರಬಹುದು.”

ಇಂದಿಗೂ ನನ್ನ ಪ್ರಕಾರ ಅದು ಒಳ್ಳೆಯ ಸಲಹೆಯೇ. ಮೇಡಮ್ಮ ಬುದ್ಧನ ಪಟದ ಕೆಳಗೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದರು.

“ನನಗೂ ಹೊಳೀಲಿಲ್ಲ ಅನ್ಕೊಂಡ್ಯಾ?”

“ಮತ್ತೆ?”

“ನಾಳೆ ನಾನು ಇದೆ ಅಂದ್ರೆ ನೆಲ ಉಳಿಯುತ್ತೆ. ನಾಡಿದ್ದು ಅವರು ಇನ್ನೊಂದು ಬಯಲು ಅಗೆದು, ಹಕ್ಕಿಗೇನು ಆಗಿಲ್ಲ, ಕೆರೆ ಹತ್ರ ಚೆನ್ನಾಗೇ ಇದೆಯಲ್ಲ, ಮೇಡಮ್ಮನೇ ಹೇಳವ್ರೆ ಅಂತಾರೆ. ಆವಾಗ ನಾನು ಏನು ಹೇಳ್ಲಿ?” ಬೂಟನ್ನು ಬದಿಗಿಟ್ಟರು. “ಮಗು ಕಾಣ್ತಿಲ್ಲ ಅಂತ ಗೊತ್ತಾದ್ರೆ ತಾನೇ ಊರು ಹುಡುಕೋದು? ಒಳಗೆ ಮಲಗಿದೆ ಅಂತ ತಾಯಿನೇ ಸುಳ್ಳು ಹೇಳಿದ್ರೆ ಯಾರು ಹೊರಡ್ತಾರೆ?”

ನಾನು ಎದ್ದು ಚಪ್ಪಲಿ ಮೆಟ್ಟಿದೆ. ಆ ಹೆಂಗಸಿನ ಹತ್ತಿರ ಎಳೆದಾಡಲು ಸರಕು ಇರಲಿಲ್ಲ.

ಸಭೆಯಲ್ಲಿ ಮೇಡಮ್ಮ ಎದ್ದು ನಿಂತು, “ಈ ಬೇಸಿಗೆ ಅಲ್ಲಿ ಹಳದಿ ಟಿಟ್ಟಿಭ ಮೊಟ್ಟೆ ಇಟ್ಟಿಲ್ಲ. ಒಂದು ಹಕ್ಕಿನೂ ಬಂದಿಲ್ಲ. ಇಲ್ಲ” ಎಂದು ಕೂತರು. ಅಧ್ಯಕ್ಷರ ಮುಖ ಸಪ್ಪಗಾಯಿತು. ಅವರೂ ನನ್ನಂತೆ ಬೇರೆ ಮಾತು ನಿರೀಕ್ಷಿಸಿದ್ದರೋ ಏನೋ.

“ಅಂದ್ರೆ ನೀವು ಸೋತ್ರಿ” ಎಂದರು ಎಂಜಿನಿಯರು, ನಗುತ್ತ.

“ನಾನಲ್ಲ ಕಣ್ರಿ” ಎಂದರು ಮೇಡಮ್ಮ.

ಗರಸು ನೆಲದ ತುಂಬ ಗಿಡ ನೆಟ್ಟರು. ಈ ಸಲ ಬಿಂದಿಗೆ ಹಿಡಿಯಲು ದೊಡ್ಡ ಕೈಗಳು ಬಂದವು. ಬೇರಿಳಿಯದ ಗರಸಿನಲ್ಲಿ ಸಸಿಗಳು ಮುಂದಿನ ಬೇಸಿಗೆಗೇ ಕಡ್ಡಿಯಾದವು, ಕಬ್ಬಿಣದ ಬೇಲಿಪಂಜರಗಳು ಮಾತ್ರ ಚಿಗುರದೆ ಬಾಡದೆ ನಿಂತವು. ಏರಿಯ ಮೇಲೆ ನೆಟ್ಟವು, ಮೇಡಮ್ಮ ಗೋಣಿಯಲ್ಲಿ ಸುತ್ತಿ ಕಾಪಾಡಿದ್ದವು, ಈಗ ನೆರಳು ಕೊಡುತ್ತಿವೆ. ಊರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಆ ಮರಗಳು ಎಂಜಿನಿಯರ್ ಸಾಹೇಬರು ಬೆಳೆಸಿದ್ದು ಎನ್ನುತ್ತಾರೆ.

ನಿವೃತ್ತಿಯಾದ ಮೇಲೂ ಮೇಡಮ್ಮ ಬೇಸಿಗೆಯ ನಡಿಗೆ ಬಿಡಲಿಲ್ಲ. ಹಕ್ಕಿಯಿಲ್ಲದ ಜಾಗಕ್ಕೆ ಪ್ರತಿವರ್ಷ ಹೋಗುವುದು ಯಾಕೆಂದು ನಾನು ಕೇಳಿದರೆ, “ಹೋದ ವರ್ಷ ಇರ್ಲಿಲ್ಲ ಅಂತ ಈ ವರ್ಷನೂ ಇಲ್ಲ ಅನ್ನೋಕೆ ನಾನೇನು ಎಂಜಿನಿಯರಾ? ನೋಡಿ ಹೇಳ್ಬೇಕು” ಎನ್ನುತ್ತಿದ್ದರು. ಉಸಿರಿನ ಕಾಯಿಲೆ ಹತ್ತಿತು. ನಾನು ಕಾರಿನಲ್ಲಿ ಕರೆದುಕೊಂಡು ಹೋಗತೊಡಗಿದೆ. ಕೊನೆಯ ಬೇಸಿಗೆಯಲ್ಲಿ ಅದೂ ಆಗಲಿಲ್ಲ. “ನೀನು ಹೋಗಿ ಬಾ” ಎಂದು ದುರ್ಬೀನನ್ನು ನನ್ನ ಕೊರಳಿಗೆ ಹಾಕಿದರು. ಅದೇ ಹೊತ್ತಿಗೆ ಹೋದೆ, ಅದೇ ದಾರಿಯಲ್ಲಿ ನಡೆದೆ, ಮಾತಿಲ್ಲದೆ ನಿಂತೆ. ಬಾಯಿ ಮುಚ್ಚಿಕೊಂಡು ಅಷ್ಟು ಹೊತ್ತು ನಾನು ದೇವಸ್ಥಾನದಲ್ಲೂ ನಿಂತವನಲ್ಲ. ಹಿಂದಿರುಗಿ ಬಂದಾಗ ಅವರು ಹಾಸಿಗೆಯಲ್ಲಿ ಒರಗಿ ಕಾಯುತ್ತಿದ್ದರು.

“ಏನಪ್ಪ?”

“ಮುಂದಿನ ಸಲ ಬಂದ್ರೂ ಬರಬಹುದು ಮೇಡಮ್ಮ.”

“ನಾನು ಕೇಳಿದ್ದು ಅದಲ್ಲ.”

ಕಾಯಿಲೆಯವರ ಮುಂದೆ ಆಡುವ ಮಾತೇ ಅದು? ಆದರೂ ಆಡಿದೆ. “ಇಲ್ಲ.”

“ಹಾಂ” ಎಂದರು. “ಇಷ್ಟು ಕಲಿಸೋಕೆ ಎಷ್ಟು ಕಾಫಿ ಖರ್ಚಾಯ್ತು ನೋಡು.”

ಮಳೆಗಾಲ ಹಿಡಿಯುವ ಮೊದಲೇ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಎಂಜಿನಿಯರರು ಹಸಿರಿಗಾಗಿ ಬದುಕನ್ನೇ ಮುಡಿಪಿಟ್ಟವರು ಎಂದು ಗದ್ಗದಿತರಾದರು, ಅವರ ನೆನಪಿಗೆ ಗರಸು ನೆಲದಲ್ಲಿ ಒಂದು ಸಸಿ ನೆಡೋಣ ಎಂದರು. ಮೇಡಮ್ಮ ಇದ್ದಿದ್ದರೆ ಎದ್ದು ಬಂದು ಕೀಳುತ್ತಿದ್ದರು.

ಆಮೇಲೆ ಕೆರೆಯ ಮುಂದೆ ಸಮಿತಿ ಒಂದು ದೊಡ್ಡ ಬೋರ್ಡು ಹಾಕಿಸಿತು. “ಇಲ್ಲಿರುವ ಹಕ್ಕಿಗಳು” ಎಂದು ಮೇಲೆ, ಕೆಳಗೆ ಬಣ್ಣದ ಚಿತ್ರಗಳು. ಹೆಜ್ಜಾರ್ಲೆಯ ಪಕ್ಕದಲ್ಲಿ, ಹಳದಿ ಕಾಲಿನ ಮೇಲೆ, ನಮ್ಮ ಟಿಟ್ಟಿಭ. ಬರೆಯುವವನು ಚೆನ್ನಾಗಿಯೇ ಬರೆದಿದ್ದ. ನಾನು ಸೀದಾ ಅಧ್ಯಕ್ಷರ ಹತ್ತಿರ ಹೋದೆ.

“ಆ ಹಕ್ಕಿ ಇಲ್ಲ ಅಧ್ಯಕ್ಷರೇ. ಕೆಳಗೆ ಹಂಗೆ ಬರೆಸಿ.”

“ಅಯ್ಯೋ ಬಿಡಪ್ಪ. ಇದೆ ಅಂದ್ರೆ ನಿನಗೇನು ನಷ್ಟ? ಬೇಕಿದ್ರೆ ಅಪರೂಪಕ್ಕೆ ಬರುತ್ತೆ ಅಂತ ಹಾಕೋಣ.”

“ಬರಲ್ಲ. ಪ್ರತಿವರ್ಷ ನಾನೇ ಹೋಗಿ ನೋಡ್ತಾ ಇದೀನಿ.”

“ಹಿಂದೆ ಇತ್ತು ಅಂತ ಹಾಕೋಣ. ಮಂಗಳಕರವಾಗಿರುತ್ತೆ.”

“ಬೇಡ.”

“ನೀನು ಯಾವತ್ತೂ ನಡುವಿಗೆ ಬರೋ ಮನುಷ್ಯ. ಇವತ್ತೇನಾಯ್ತು?”

ನಿಜ. ನನ್ನ ಬದುಕಿನಲ್ಲಿ ನಡುವಿಗೆ ಬರದೆ ಮುಗಿಸಿದ ವ್ಯಾಪಾರವಿಲ್ಲ. ಅಂದು ಬರಲಿಲ್ಲ. ಆ ಸಾಲು ಹುಣಸೆಯ ಕೆಳಗೆ ಬರುವವರಿಗೆ ಕೂರಲು ಕಲ್ಲುಬೆಂಚು ಬೇಕೆಂದು ಸಮಿತಿ ಬಹಳ ದಿನದಿಂದ ನನ್ನ ಬೆನ್ನು ಬಿದ್ದಿತ್ತು. ಬೆಂಚು ನನ್ನದು, ಎರಡು ಮಾತು ನಿಮ್ಮದು ಎಂದೆ. ಬೋರ್ಡು ಬರೆಯುವವನು ಏಣಿ ಹತ್ತಿ, “ಇಂಥ ಮಾತು ಬರೆಯೋಕೆ ಕೈ ಬರಲ್ಲ ಸ್ವಾಮಿ” ಎಂದು ಗೊಣಗಿದ. ಬರೆಸಿದೆ. ಹಳದಿ ಕಾಲುಗಳ ಕೆಳಗೆ, ಉಳಿದ ಹೆಸರುಗಳಷ್ಟೇ ದಪ್ಪವಾಗಿ: ಈಗ ಇಲ್ಲ.

ಈ ಸುಗ್ಗಿಯಲ್ಲಿ ಮರದ ಕೆಳಗೆ ನಿಂತಿದ್ದೆ. ಆಳುಗಳನ್ನು ಒಂದು ಗಂಟೆ ಕೂರಿಸಿ ನನ್ನ ನಡಿಗೆ ಮುಗಿಸಿ ಬಂದಿದ್ದೆ. ಕೈವಾರಕ್ಕೆ ಹೊರಟಿದ್ದ ಒಂದು ವ್ಯಾನು ನಿಂತು ಜನ ಇಳಿದರು. ಹೆಜ್ಜಾರ್ಲೆಯ ಚಿತ್ರವನ್ನೂ ಕೊಕ್ಕರೆಯ ಚಿತ್ರವನ್ನೂ ಸುಮ್ಮನೆ ದಾಟಿ ಬಂದ ಒಬ್ಬಾಕೆ ಅಲ್ಲಿ ನಿಂತು, ಮತ್ತೊಮ್ಮೆ ಓದಿಕೊಂಡು, ನನ್ನ ಕಡೆ ತಿರುಗಿದರು.

“ಯಾಕಣ್ಣ ಇಲ್ಲ? ಎಲ್ಲಿಗೆ ಹೋಯ್ತು?”

ಆ ಬೋರ್ಡಿನ ಬೇರೆ ಯಾವ ಹಕ್ಕಿಯ ಬಗ್ಗೆಯೂ ಇಂದಿನವರೆಗೆ ಯಾರೂ ನನ್ನನ್ನು ಏನೂ ಕೇಳಿಲ್ಲ. ಕೂತ್ಕೊಳ್ಳಿ ಅಮ್ಮ ಎಂದು ಬೆಂಚು ತೋರಿಸಿ, ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ. ಸಕ್ಕರೆ ಹಾಕಿಲ್ಲ ಎಂದು ಮೊದಲೇ ಹೇಳಿಬಿಟ್ಟೆ.